ಕೈಯ ಕುಶಲತೆ, ಫಲದ ಹೊಣೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮಲ್ಲಿ ಹಳೆಯ ಮಾತು. ಕಣ್ಣಾರೆ ಕಂಡುದು ಕಿವಿಯಾರೆ ಕೇಳಿದುದಕ್ಕಿಂತ ಆಳವಾಗಿ ಮನಸ್ಸಿನಲ್ಲಿ ನಾಟುವುದೆಂದು ಶಿಕ್ಷಕರಾದ ನಾವು ತರಬೇತಿಯ ಕಾಲದಲ್ಲಿಯೇ ಕಲಿತಿದ್ದೇವೆ. ಆದುದರಿಂದಲೇ ಮಕ್ಕಳನ್ನು ಬೇಕಲದ ಕೋಟೆಗೂ ಹಂಚಿನ ಕಾರ್ಖಾನೆಗೂ ಕರೆದೊಯ್ಯುತ್ತೇವೆ. ಅಂತಹ ಪ್ರವಾಸಗಳಲ್ಲಿ ಧರ್ಮಾಧರ್ಮದ ಪ್ರಶ್ನೆ ಏಳುವುದಿಲ್ಲ. ಹಂಚು ಮನೆಗಳನ್ನು ಮಳೆಯಿಂದ ಕಾಯುವುದಲ್ಲದೆ ಯಾವ ಮನೆಯನ್ನೂ ಕೆಡಿಸಿದುದಿಲ್ಲ. ಆದರೆ ತಯಾರಾಗುವ ವಸ್ತುವೇ ಅನೇಕ ಮನೆಗಳನ್ನು ಕೆಡಿಸಿದ್ದಾದರೆ, ಅದನ್ನು ತಯಾರಿಸುವವರ ಕೈಚಳಕವನ್ನು ನೋಡಿ ಮೆಚ್ಚಲು ಹೋಗುವುದು ತಕ್ಕುದೇ? ಕುಶಲತೆಯನ್ನು ಅದರ ಫಲದಿಂದ ಬೇರ್ಪಡಿಸಿ ಗೌರವಿಸಬಹುದೇ? ಇದೇ ಪ್ರಸ್ತುತ ಲೇಖನದ ವಿಚಾರ.

ಈ ಪ್ರಶ್ನೆಯನ್ನು ಕೇವಲ ತರ್ಕಕ್ಕಾಗಿ ಎತ್ತಿದುದಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾನೆ. ಅವನ ಸಹಪಾಠಿಗಳು ರಜೆಯಲ್ಲಿ ನಾಲ್ಕು ದಿನ ವಿಸ್ಕಿಯ ಭಟ್ಟಿಗಳನ್ನು ನೋಡಿಬರುವ ಯೋಜನೆ ಹಾಕಿದ್ದಾರೆ. ಇವನು ಕುಡಿಯದವನಾದುದರಿಂದ ಕಾರು ನಡೆಸುವ ಕೆಲಸ ಇವನದೆಂದು ಅವರೇ ನಿಶ್ಚಯಿಸಿದ್ದಾರೆ. ರಸಾಯನಶಾಸ್ತ್ರದ ವಿದ್ಯಾರ್ಥಿಯಾದ ಇವನಿಗೂ ನೋಡುವ ಆಸೆಯುಂಟು. ಆದರೆ ಇವನ ತಂದೆ ಕುಡಿತದಿಂದಲೇ ತೋಟವನ್ನು ಕಳೆದುಕೊಂಡು ನಲವತ್ತು ತುಂಬುವ ಮೊದಲೇ ತೀರಿಕೊಂಡವರು. ತಾಯಿ ಬೀಡಿ ಕಟ್ಟಿ ಮಗನನ್ನು ಓದಿಸಿದವರು. “ಗುರುಗಳೇ, ನಾನು ಆ ಹಂಡೆಗಳ ಮುಂದೆ ನಿಂತು ಆಹಾ ಎಂದರೆ ಅಮ್ಮನಿಗೆ ದ್ರೋಹ ಮಾಡಿದಂತಾಗುವುದಿಲ್ಲವೇ?” ಎಂದು ಅವನು ಕೇಳಿ ಬರೆದಿದ್ದಾನೆ. ಇಂತಹ ಪ್ರಶ್ನೆಗೆ ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವುದು ಸರಿಯಲ್ಲವೆಂದು ತೋರಿ, ಅವನ ಒಪ್ಪಿಗೆ ಪಡೆದು ಇಲ್ಲಿ ವಿಚಾರಕ್ಕೆ ಇಟ್ಟಿದ್ದೇನೆ.

ಅಲ್ಲಿ ನೋಡತಕ್ಕದ್ದು ಏನೆಂಬುದನ್ನು ಮೊದಲು ತಿಳಿಯಬೇಕು. ಸ್ಕಾಟ್ಲೆಂಡಿನಲ್ಲಿ ನೂರನಲವತ್ತಕ್ಕೂ ಹೆಚ್ಚು ಭಟ್ಟಿಗಳಿವೆ. ಈಶಾನ್ಯದಲ್ಲಿ ಸ್ಪೇ ನದಿಯ ಕಣಿವೆಯ ಸುತ್ತಿನಲ್ಲಿಯೇ ಐವತ್ತರಷ್ಟು ಇವೆ. ಅಲ್ಲಿಯ ಡಫ್‌ಟೌನ್ ಎಂಬ ಸಣ್ಣ ಪೇಟೆಯಲ್ಲಿ ವಿಲಿಯಮ್ ಗ್ರಾಂಟ್ ಕಟ್ಟಿದ ಗ್ಲೆನ್‌ಫಿಡಿಕ್ ಭಟ್ಟಿಯಲ್ಲಿ 1887ರ ಕ್ರಿಸ್‌ಮಸ್ ದಿನ ಮೊದಲ ಬಾರಿ ಮದ್ಯ ಇಳಿಯಿತು. 1969ರಲ್ಲಿ ಅದು ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಪಶ್ಚಿಮದ ಕಡಲಿನಲ್ಲಿ ಐಲಾ ಎಂಬ ದ್ವೀಪವಿದೆ. ಗ್ಲಾಸ್ಗೊದಿಂದ ನೂರು ಮೈಲಿಯಷ್ಟು ರಸ್ತೆಯಲ್ಲಿ ಹೋಗಿ ಕೆನಕ್ರೇಗ್ ಎಂಬಲ್ಲಿ ಹಡಗು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ದ್ವೀಪವನ್ನು ಮುಟ್ಟಬಹುದು. ಅಲ್ಲಿ ಪೋರ್ಟ್ ಎಲೆನ್ ಊರಿನಿಂದ ಕಡಲ ಕರೆಯಲ್ಲಿ ಮೂರು ಮೈಲಿಯ ಕಾಲುದಾರಿ ಹಿಡಿದರೆ ಲಫ್ರಾಯ್ಗ್, ಲಗವೂಲಿನ್, ಆರ್ಡ್‌ಬೆಗ್ ಎಂಬ ಮೂರು ಭಟ್ಟಿಗಳು ಒಂದರ ಹಿಂದೊಂದು ಎದುರಾಗುತ್ತವೆ.

ಭಟ್ಟಿಯೊಳಗೆ ನಡೆಯುವ ಕೆಲಸ ನಮ್ಮ ಅಡುಗೆಮನೆಗೆ ತೀರ ಅಪರಿಚಿತವಾದುದೇನಲ್ಲ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆ ಮುಂದುವರಿಯದಂತೆ ಬಿಸಿಯಿಂದ ಒಣಗಿಸುತ್ತಾರೆ. ಐಲಾದಲ್ಲಿ ಇದಕ್ಕೆ ಪೀಟ್ ಎಂಬ ಜವುಗು ನೆಲದ ಇಂಧನವನ್ನು ಉರಿಸುವುದರಿಂದ ಅಲ್ಲಿಯ ವಿಸ್ಕಿಗೆ ಹೊಗೆಯ ವಾಸನೆ ಹತ್ತುತ್ತದೆ. ಒಣಗಿದ ಕಾಳನ್ನು ಒಡೆದು ಬಿಸಿನೀರಿನಲ್ಲಿ ಕಲಸಿದಾಗ ಸಕ್ಕರೆಯ ಅಂಶ ನೀರಿಗೆ ಇಳಿಯುತ್ತದೆ. ಯೀಸ್ಟ್ ಸೇರಿಸಿದರೆ ಅದು ಹುದುಗುತ್ತದೆ. ಇಡ್ಲಿಯ ಹಿಟ್ಟು ಉಬ್ಬುವುದೂ ಇಂತಹ ಹುದುಗಿನಿಂದಲೇ. ನೂರರಲ್ಲಿ ಎಂಟು ಪಾಲಿನಷ್ಟು ಮದ್ಯಸಾರವಿರುವ ಈ ದ್ರವವನ್ನು ತಾಮ್ರದ ದೊಡ್ಡ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಕಾಯಿಸಿ ಆವಿಯನ್ನು ತಣಿಸಿ ಇಳಿಸಿಕೊಳ್ಳುತ್ತಾರೆ. ಎರಡನೆಯ ಇಳಿತದಲ್ಲಿ ಮೊದಲು ಬಂದುದನ್ನೂ ಕೊನೆಗೆ ಬಂದುದನ್ನೂ ಬೇರೆ ಮಾಡಿ ನಡುವಿನದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಈ ದ್ರವ ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಂದರ ಮೂಲಕ ಹರಿಯುತ್ತದೆ. ಅಬಕಾರಿ ತೆರಿಗೆ ತಪ್ಪಿಹೋಗಬಾರದೆಂದು ಆದ ಏರ್ಪಾಡು ಇದು. ಭಟ್ಟಿಯವನು ಅದನ್ನು ಮುಟ್ಟದೆ, ರುಚಿ ನೋಡದೆ, ಉಷ್ಣತೆಯನ್ನೂ ಸಾಂದ್ರತೆಯನ್ನೂ ಗಮನಿಸಿ ಯಾವ ಕ್ಷಣದಲ್ಲಿ ಕೊಳವೆಯನ್ನು ತಿರುಗಿಸಬೇಕೆಂದು ನಿರ್ಣಯಿಸುತ್ತಾನೆ.

ಆಮೇಲೆ ಕಾಯುವ ಕೆಲಸ. ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಸ್ಕಾಟ್ಲೆಂಡಿನ ನೆಲದಲ್ಲಿಯೇ ಇರಿಸದೆ ಅದನ್ನು ಸ್ಕಾಚ್ ವಿಸ್ಕಿ ಎಂದು ಕರೆಯಲು ಕಾನೂನು ಬಿಡುವುದಿಲ್ಲ. ಅನೇಕವನ್ನು ಹತ್ತು, ಹದಿನೆಂಟು, ಇಪ್ಪತ್ತೈದು ವರ್ಷ ಇಡುವುದೂ ಉಂಟು. ಪ್ರತಿ ವರ್ಷ ನೂರಕ್ಕೆ ಎರಡು ಪಾಲಿನಷ್ಟು ಆವಿಯಾಗಿ ಹೋಗುತ್ತದೆ. ಇದನ್ನು ಅವರು ದೇವದೂತರ ಪಾಲು ಎನ್ನುತ್ತಾರೆ. ಒಬ್ಬನು ತುಂಬಿಟ್ಟ ಪೀಪಾಯಿಯನ್ನು ಅವನ ನಿವೃತ್ತಿಯ ನಂತರ ಮತ್ತೊಬ್ಬನು ತೆರೆಯುತ್ತಾನೆ. ಹಲಸಿನ ಸಸಿ ನೆಟ್ಟ ಅಜ್ಜನ ತಾಳ್ಮೆಯೇ ಇಲ್ಲಿಯೂ ಕಾಣುತ್ತದೆ. ಇದು ಪರದೇಶದವರ ಮಾತು ಮಾತ್ರವೆಂದು ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಬೆಂಗಳೂರಿನಲ್ಲಿ ತಯಾರಾದ ಅಮೃತ್ ಎಂಬ ವಿಸ್ಕಿಯನ್ನು 2004ರಲ್ಲಿ ಆ ಗ್ಲಾಸ್ಗೊ ನಗರದಲ್ಲಿಯೇ ಮಾರುಕಟ್ಟೆಗೆ ತಂದರು.

ಇನ್ನು ವಾದಗಳನ್ನು ನೋಡೋಣ. ಒಂದು ಪಕ್ಷ ಹೀಗೆನ್ನುತ್ತದೆ: ಜ್ಞಾನ ನಿರ್ಲಿಪ್ತವಾದುದು. ಆವಿ ತಣಿದು ನೀರಾಗುವ ನಿಯಮವು ಔಷಧಶಾಲೆಯಲ್ಲಿಯೂ ಭಟ್ಟಿಯಲ್ಲಿಯೂ ಒಂದೇ. ಏಕಾಗ್ರತೆ, ತಾಳ್ಮೆ, ಅಳತೆಯ ಪ್ರಾಮಾಣಿಕತೆ ಎಲ್ಲಿ ಕಂಡರೂ ಮೆಚ್ಚತಕ್ಕ ಗುಣಗಳು. ಕತ್ತಿಯನ್ನು ಹದಮಾಡುವ ಕಮ್ಮಾರನ ಕೈಗೆ ನಮಿಸುವವನು ಕೊಲೆಗೆ ಸಮ್ಮತಿಸಿದಂತಾಗುವುದಿಲ್ಲ. ಈ ವಾದದಲ್ಲಿ ಹುರುಳಿದೆ.

ಇನ್ನೊಂದು ಪಕ್ಷವು ಕೇಳುವುದು: ಭಟ್ಟಿಯ ಒಡೆಯನು ಪ್ರವಾಸಿಗನಿಗೆ ಬಾಗಿಲು ತೆರೆಯುವುದು ರಸಾಯನಶಾಸ್ತ್ರವನ್ನು ಕಲಿಸುವುದಕ್ಕಾಗಿಯೇ? ಎಲ್ಲ ಸುತ್ತಾಟವೂ ಕೊನೆಗೆ ಬಂದು ನಿಲ್ಲುವುದು ರುಚಿ ನೋಡುವ ಮೇಜಿನ ಮುಂದೆ. ಅದರ ಆಚೆಗೆ ಇರುವುದು ಅಂಗಡಿ. ನಿಮ್ಮ ಮೆಚ್ಚುಗೆಯೇ ಅಲ್ಲಿ ವ್ಯಾಪಾರದ ಬಂಡವಾಳ. ಮೇಲಾಗಿ ಅಲ್ಲಿ ಹೇಳುವ ಕಥೆ ಯಾವಾಗಲೂ ಪೂರ್ತಿಯಾಗಿರುವುದಿಲ್ಲ. ಇದಕ್ಕೆ ಸ್ಕಾಟ್ಲೆಂಡಿನಾಚೆಯ ಉದಾಹರಣೆಯೊಂದಿದೆ. ಅಮೆರಿಕದ ಟೆನಿಸೀ ರಾಜ್ಯದ ಲಿಂಚ್‌ಬರ್ಗ್ ಎಂಬ ಊರಿನ ಜ್ಯಾಕ್ ಡೇನಿಯಲ್ ಭಟ್ಟಿ ಜಗತ್ಪ್ರಸಿದ್ಧ. ಜ್ಯಾಕ್ ಡೇನಿಯಲನಿಗೆ ಬಾಲ್ಯದಲ್ಲಿ ಮದ್ಯ ಇಳಿಸುವ ವಿದ್ಯೆಯನ್ನು ಕಲಿಸಿದವನು ನಿಯರೆಸ್ಟ್ ಗ್ರೀನ್ ಎಂಬ ಗುಲಾಮನಾಗಿದ್ದ ಕರಿಯ ಮನುಷ್ಯ. ಈ ಗುರುವಿನ ಹೆಸರನ್ನು ಕಂಪನಿಯವರು ತಮ್ಮ ಕಥೆಯಲ್ಲಿ ಎದ್ದುಕಾಣುವಂತೆ ಹೇಳತೊಡಗಿದ್ದು 2016ರಲ್ಲಿ. ಅಂದರೆ ಒಂದು ಶತಮಾನಕ್ಕೂ ಮಿಕ್ಕಿ ಕಾಲ ಕಳೆದ ಮೇಲೆ. ಕುಶಲತೆಯನ್ನು ಮೆಚ್ಚಲು ಹೋದವರು ಅಷ್ಟು ಕಾಲವೂ ಕುಶಲಿಯನ್ನೇ ಕಾಣದೆ ಮರಳಿದರು.

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಿತೇ? ತೀರ್ಮಾನಕ್ಕೆ ಮೊದಲು ಸ್ಕಾಟ್ಲೆಂಡಿನ ಜನರೇ ಈ ವಿಷಯದಲ್ಲಿ ಹೇಗೆ ನಡೆದುಕೊಂಡಿದ್ದಾರೆಂಬುದನ್ನು ನೋಡಬೇಕು. ವಿಸ್ಕಿ ಅವರ ಹೆಮ್ಮೆ. ಅದೇ ಅವರ ಭಯವೂ ಆಗಿದೆ. 2014ರ ಡಿಸೆಂಬರಿನಲ್ಲಿ ಅವರು ವಾಹನ ನಡೆಸುವವನ ನೂರು ಮಿಲಿಲೀಟರ್ ರಕ್ತದಲ್ಲಿ ಇರಬಹುದಾದ ಮದ್ಯಸಾರದ ಮಿತಿಯನ್ನು 80 ಮಿಲಿಗ್ರಾಮಿನಿಂದ 50ಕ್ಕೆ ಇಳಿಸಿದರು. ಅನೇಕ ಭಟ್ಟಿಗಳಲ್ಲಿ ಕಾರು ನಡೆಸುವವನ ಪಾಲನ್ನು ಸಣ್ಣ ಸೀಸೆಯಲ್ಲಿ ಹಾಕಿ, ಮನೆಗೆ ಹೋದ ಮೇಲೆ ಕುಡಿ ಎಂದು ಕೊಡುವ ಪದ್ಧತಿಯುಂಟು. ಅಗ್ಗದ ಮದ್ಯವು ಬಡವರ ಪ್ರಾಣ ತೆಗೆಯುತ್ತಿದೆಯೆಂದು ಕಂಡು, ಮದ್ಯಕ್ಕೆ ಇಷ್ಟಕ್ಕಿಂತ ಕಡಿಮೆ ಬೆಲೆ ಇರಕೂಡದೆಂಬ ಕಾನೂನನ್ನು 2012ರಲ್ಲಿ ಮಾಡಿದರು. ವಿಸ್ಕಿ ತಯಾರಕರ ಸಂಘವು ನ್ಯಾಯಾಲಯದಲ್ಲಿ ಅದನ್ನು ಎದುರಿಸಿತು. 2017ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಕಾನೂನನ್ನು ಎತ್ತಿಹಿಡಿಯಿತು. 2018ರ ಮೇ ತಿಂಗಳಿನಿಂದ ಹತ್ತು ಮಿಲಿಲೀಟರ್ ಮದ್ಯಸಾರಕ್ಕೆ 50 ಪೆನ್ಸ್ ಕನಿಷ್ಠ ಬೆಲೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಅದನ್ನು 65 ಪೆನ್ಸ್‌ಗೆ ಏರಿಸಿದರು. ಹೀಗೆ, ಒಂದು ಕೈಯಿಂದ ಪೀಪಾಯಿ ತುಂಬುವ ದೇಶವೇ ಇನ್ನೊಂದು ಕೈಯಿಂದ ಅದಕ್ಕೆ ಕಟ್ಟೆ ಕಟ್ಟುತ್ತಿದೆ. ಪೀಪಾಯಿಯನ್ನು ಮಾತ್ರ ನೋಡಿ ಬಂದವನು ಅರ್ಧ ಸ್ಕಾಟ್ಲೆಂಡನ್ನು ನೋಡಿ ಬಂದನೆಂದೇ ಹೇಳಬೇಕು.

ನಮ್ಮ ಕಡೆಗೂ ಒಮ್ಮೆ ಕಣ್ಣು ತಿರುಗಿಸೋಣ. ಬೆಳಿಗ್ಗೆ ಸಂಜೆ ಪ್ರಾಣವನ್ನು ಕೈಯಲ್ಲಿ ಹಿಡಿದು ತೆಂಗು ತಾಳೆಗಳನ್ನೇರಿ ಕಳ್ಳಿಳಿಸುವ ಮೂರ್ತೆದಾರನ ಕಸುಬೂ ಕುಶಲತೆಯೇ ಅಲ್ಲವೇ? ಹೊಂಬಾಳೆಯನ್ನು ಒಡೆಯದಂತೆ ಬಡಿದು, ದಿನ ದಿನವೂ ತುದಿಯನ್ನು ಸವರಿ ರಸ ಇಳಿಸುವುದಕ್ಕೆ ಎಷ್ಟು ಹದವರಿತ ಕೈ ಬೇಕು! ಆದರೆ ಅವನನ್ನು ನೋಡಲು ಯಾರೂ ಪ್ರವಾಸದ ಯೋಜನೆ ಹಾಕುವುದಿಲ್ಲ. ತಾಮ್ರದ ಹಂಡೆಯ ಮುಂದೆ ಕಲೆಯೆನಿಸಿದ್ದು ತೆಂಗಿನ ಮರದ ಬುಡದಲ್ಲಿ ಕೀಳು ಕಸುಬೆನಿಸಿದರೆ, ನಾವು ತೂಗುತ್ತಿರುವುದು ಕುಶಲತೆಯನ್ನಲ್ಲ, ಬೆಲೆಯನ್ನು. ಕಳ್ಳಿನ ಕಸುಬನ್ನು ಪರಂಪರೆಯಿಂದ ಹೊತ್ತ ಸಮಾಜದಲ್ಲಿ ಹುಟ್ಟಿದ ನಾರಾಯಣ ಗುರುಗಳು ಮದ್ಯವನ್ನು ತಯಾರಿಸಲೂ ಬಾರದು, ಕೊಡಲೂ ಬಾರದು, ಕುಡಿಯಲೂ ಬಾರದು ಎಂದು ತಮ್ಮವರಿಗೆ ಬೋಧಿಸಿದರು. ಆದರೆ ಅವರು ಕಸುಬಿನವರನ್ನು ಹಳಿದು ದೂರ ಇಡಲಿಲ್ಲ. ಅವರಿಗೆ ದೇವಾಲಯಗಳನ್ನೂ ವಿದ್ಯೆಯನ್ನೂ ಬೇರೆ ಕಸುಬುಗಳ ದಾರಿಯನ್ನೂ ತೋರಿಸಿದರು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಅವರು ಪ್ರತಿಷ್ಠಾಪಿಸಿದ ಗೋಕರ್ಣನಾಥ ಕ್ಷೇತ್ರ ಇಂದಿಗೂ ಅದಕ್ಕೆ ಸಾಕ್ಷಿ. ವಸ್ತುವನ್ನು ನಿಷೇಧಿಸಿಯೂ ಮನುಷ್ಯನನ್ನು ಗೌರವಿಸಬಹುದೆಂಬುದು ಅವರ ನಡೆಯಿಂದ ಸಿದ್ಧವಾಗುತ್ತದೆ.

ಈಗ ಆ ವಿದ್ಯಾರ್ಥಿಯ ತಾಯಿಯ ಕೈಗಳನ್ನು ನೆನೆಯಿರಿ. ಬೀಡಿಯೂ ಎದೆಯನ್ನು ಸುಡುವ ವಸ್ತುವೇ. ಆಕೆ ಕಟ್ಟಿದ ಬೀಡಿಗಳು ಎಷ್ಟು ಮಂದಿಯ ಉಸಿರನ್ನು ಕೆಡಿಸಿದವೋ ಹೇಳಬಲ್ಲವರಾರು? ಆದರೂ ಆ ಕೈಗಳ ಮುಂದೆ ಮಗನೂ ನಾವೂ ತಲೆಬಾಗುತ್ತೇವೆ. ಬಾಗುವುದು ಸರಿಯೂ ಹೌದು. ಏಕೆ? ಆಕೆಗೆ ಬೇರೆ ದಾರಿ ಇರಲಿಲ್ಲ. ಹೊಣೆಯು ಆಯ್ಕೆಯೊಡನೆ ಬೆಳೆಯುತ್ತದೆ. ಹೊಟ್ಟೆಗಾಗಿ ದುಡಿಯುವವನ ಮೇಲೆ ಅದರ ಭಾರ ಕಡಿಮೆ. ಲಾಭಕ್ಕಾಗಿ ಮಾರಿಸುವವನ ಮೇಲೆ ಹೆಚ್ಚು. ಸಂತೋಷಕ್ಕಾಗಿ ದುಡ್ಡು ಕೊಟ್ಟು ನೋಡಲು ಹೋಗುವವನಿಗೆ ಯಾವ ಒತ್ತಾಯವೂ ಇಲ್ಲ. ಆದುದರಿಂದ ಅವನು, ಹಂಡೆಯ ಮುಂದೆ ನಿಂತ ಕೂಲಿಯವನಿಗಿಂತ ಹೆಚ್ಚು ಲೆಕ್ಕ ಒಪ್ಪಿಸಬೇಕಾದವನು. ಹೋಗುವುದೇ ಪಾಪವೆಂದಾಗಲಿ, ಹೋದರೆ ದೋಷವೇ ಇಲ್ಲವೆಂದಾಗಲಿ ನಾನು ಹೇಳಲಾರೆ. ಹೇಗೆ ಹೋಗಬೇಕೆಂದು ಮುಂಚಿತವಾಗಿ ಗೊತ್ತುಮಾಡುವ ಯೋಜನೆಯಲ್ಲಿಯೇ ಧರ್ಮಾಧರ್ಮದ ವಿವೇಕ ಅಡಗಿದೆ.

ಆ ವಿವೇಕ ಬಹಳ ಸಣ್ಣ ವಿಷಯಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ಕು ದಿನದಲ್ಲಿ ಹದಿನೈದು ಭಟ್ಟಿ ಎಂದು ಬರೆದಿಟ್ಟರೆ ಅದು ಕುಡಿತದ ಪಟ್ಟಿ. ದಿನಕ್ಕೆ ಒಂದೋ ಎರಡೋ ಎಂದರೆ ಕಲಿಕೆಯ ಪಟ್ಟಿಯಾಗಬಹುದು. ಸ್ಪೇ ಕಣಿವೆಯ ಕ್ರೈಗೆಲ್ಲಕಿಯಲ್ಲಿ ಪೀಪಾಯಿಗಳನ್ನು ರಿಪೇರಿಮಾಡುವ ಕಾರ್ಖಾನೆಗೆ ಅರ್ಧ ದಿನ ಮೀಸಲಿಟ್ಟರೆ ಮದ್ಯದ ಹನಿಯಿಲ್ಲದೆ ಶುದ್ಧ ಕೈಗೆಲಸವನ್ನು ನೋಡಬಹುದು. ಐಲಾದ ಮೂರು ಭಟ್ಟಿಗಳಿಗೆ ಕಾಲ್ನಡೆಯ ದಾರಿಯಿರುವಾಗ ಕಾರೇ ಬೇಡ. ಕಾರು ಬೇಕಾದ ದಿನ ಸರದಿಯ ಪ್ರಕಾರ ಒಬ್ಬೊಬ್ಬನು ಕುಡಿಯದೆ ಸಾರಥಿಯಾಗಲಿ. ಗೆಳೆಯರ ಪ್ರಾಣ ಕಾಯುವುದು ಪುಣ್ಯವೇ ಸರಿ. ಆದರೆ ಒಬ್ಬನ ಸಂಯಮವು ಉಳಿದವರ ಅಸಂಯಮಕ್ಕೆ ಸಾಧನವಾಗಬಾರದು. ಕೊನೆಯದಾಗಿ, ತೋರಿಸುವವನೊಡನೆ ಹಂಡೆಯ ಅಳತೆಯನ್ನಷ್ಟೇ ಕೇಳದೆ, ಇಲ್ಲಿ ದುಡಿಯುವವರು ಯಾರು, ಈ ಊರಿನಲ್ಲಿ ಕುಡಿತದಿಂದ ಕೆಟ್ಟ ಮನೆಗಳೆಷ್ಟು ಎಂದೂ ಕೇಳುವ ಧೈರ್ಯವಿರಲಿ. ನಾನು ಅವನಿಗೆ ಹೀಗೆಯೇ ಬರೆದೆ. ನೋಡಿದುದನ್ನೆಲ್ಲ ತಾಯಿಗೆ ಮುಚ್ಚುಮರೆಯಿಲ್ಲದೆ ಬರೆಯಲು ಸಾಧ್ಯವಾಗುವಂತೆ ಯೋಜನೆ ಹಾಕುವುದಾದರೆ ಹೋಗು, ಇಲ್ಲವಾದರೆ ಬೇಡ ಎಂದು.

ಶಿಕ್ಷಕ ಬಂಧುಗಳಿಗೂ ಇದರಲ್ಲಿ ಒಂದು ಪಾಠವುಂಟು. ಹುದುಗಿನ ಪಾಠ ಬಂದಾಗ ಮದ್ಯದ ಹೆಸರು ಬರುವುದೆಂದು ಹೆದರಿ ಪುಟ ಮಗುಚುವವನು ಮಕ್ಕಳಿಂದ ಜ್ಞಾನವನ್ನು ಬಚ್ಚಿಡುತ್ತಾನೆ. ಮದ್ಯದ ತಯಾರಿಕೆಯನ್ನು ರಸವತ್ತಾಗಿ ಬಣ್ಣಿಸಿ ಅಲ್ಲಿಗೇ ನಿಲ್ಲಿಸುವವನು ಅದಕ್ಕಿಂತ ದೊಡ್ಡದನ್ನು ಬಚ್ಚಿಡುತ್ತಾನೆ. ನಮ್ಮ ತರಗತಿಗಳಲ್ಲಿ ಸಂಜೆ ತಂದೆ ಯಾವ ಸ್ಥಿತಿಯಲ್ಲಿ ಬರುವರೋ ಎಂದು ಅಂಜುವ ಮಕ್ಕಳು ಇದ್ದಾರೆ. ಅವರಿಗೆ ಆ ವಸ್ತುವಿನ ಒಂದು ಅರ್ಧ ಚೆನ್ನಾಗಿ ಗೊತ್ತು. ಇನ್ನೊಂದು ಅರ್ಧವನ್ನು, ಅಂದರೆ ಅದರ ಹಿಂದಿರುವ ನಿಯಮವನ್ನೂ ಶ್ರಮವನ್ನೂ, ಅವರು ಭಯವಿಲ್ಲದೆ ಅರಿಯುವಂತೆ ಮಾಡುವುದು ವಿದ್ಯೆಯ ಕೆಲಸ. ಸುಖವಾಗಿ ಬೆಳೆದವರಿಗೆ ಮೊದಲ ಅರ್ಧವನ್ನು ಮರೆಯಗೊಡದಿರುವುದೂ ಅದರದೇ ಕೆಲಸ.