ಜಡೆ ಮತ್ತು ಆಫರ್ ಲೆಟರ್

ಆ ಹುಡುಗನಿಗೆ ನಾನು ಹಾಕಿದ ಮಾರ್ಕ್ಸು ಇವತ್ತಿಗೂ ನೆನಪಿದೆ. ಕೋಡಿಂಗಿಗೆ ಐದಕ್ಕೆ ನಾಲ್ಕೂವರೆ, ಸಿಸ್ಟಮ್ ಡಿಸೈನಿಗೆ ನಾಲ್ಕು. ಕೊನೆಯ ಕಾಲಂ 'ಕಲ್ಚರ್ ಫಿಟ್', ಅಲ್ಲಿ ಎರಡು. ಯಾಕೆ ಎರಡು ಅಂತ ವಿವರಿಸಬೇಕಾದ ಜಾಗದಲ್ಲಿ 'ಕ್ಲೈಂಟ್ ಜೊತೆ ವ್ಯವಹರಿಸುವ ಕೆಲಸಕ್ಕೆ ಒಗ್ಗೋದು ಕಷ್ಟ' ಅಂತ ಟೈಪ್ ಮಾಡಿ ಸಬ್ಮಿಟ್ ಒತ್ತಿದೆ. ಹುಡುಗ ಒಂದು ಗಂಟೆ ನನ್ನ ಜೊತೆ ಚೆನ್ನಾಗೇ ಮಾತಾಡಿದ್ದ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂದಿದ್ದ. ನಿಜವಾದ ಕಾರಣ ಅವನ ತಲೆ ಮೇಲಿತ್ತು: ಹೆಗಲವರೆಗಿನ ಡ್ರೆಡ್‌ಲಾಕ್ಸ್, ರಬ್ಬರ್ ಬ್ಯಾಂಡ್ ಹಾಕಿ ಹಿಂದಕ್ಕೆ ಕಟ್ಟಿದ್ದು. ಕೆಲಸ ಅವನಿಗೆ ಸಿಗಲಿಲ್ಲ.

ತಮಾಷೆ ಅಂದ್ರೆ, ನಾನಿರೋದು ಕಮ್ಮನಹಳ್ಳಿಯಲ್ಲಿ. ಇಲ್ಲಿ ಆಫ್ರಿಕಾದ ವಿದ್ಯಾರ್ಥಿಗಳು ಬೇಕಾದಷ್ಟು ಜನ ಇದ್ದಾರೆ. ಮೇನ್ ರೋಡಿನಲ್ಲಿ ಸಂಜೆ ಹೊತ್ತು ನಿಂತರೆ ಕೂದಲಲ್ಲಿ ಏನೇನು ಸಾಧ್ಯ ಅನ್ನೋದನ್ನ ಪುಕ್ಕಟೆ ನೋಡಬಹುದು. ಟೀ ಅಂಗಡಿಯಲ್ಲಿ ನನ್ನ ಪಕ್ಕ ಡ್ರೆಡ್‌ಲಾಕ್ಸ್ ಬಿಟ್ಟವನು ನಿಂತು ಬನ್ ತಿಂದರೆ ನನಗೇನೂ ಅನ್ಸಲ್ಲ. ಅದೇ ತಲೆ ಮೀಟಿಂಗ್ ರೂಮಿನೊಳಗೆ ಬಂದ ಕೂಡಲೇ ಯಾಕೆ ಏನೋ ಅನ್ಸುತ್ತೆ? (ನಮ್ಮ ವಿಧಾನಸಭಾ ಕ್ಷೇತ್ರದ ಹೆಸರು ಸರ್ವಜ್ಞನಗರ. ಕೈಯಲ್ಲಿ ಕಪ್ಪರ ಹಿಡಿದು ಊರೂರು ಅಲೆದ ಅಂತ ಜನ ಹೇಳುವ ಆ ಪುಣ್ಯಾತ್ಮನಿಗೆ ನಾನು ಕಲ್ಚರ್ ಫಿಟ್‌ನಲ್ಲಿ ಎಷ್ಟು ಹಾಕ್ತಿದ್ದೆನೋ.)

ನನಗೆ ಡ್ರೆಡ್‌ಲಾಕ್ಸ್ ಹೊಸದಲ್ಲ. ನಮ್ಮೂರು ಬೈಲಹೊಂಗಲದ ಕಡೆ. ಸವದತ್ತಿ ಯಲ್ಲಮ್ಮನ ಗುಡ್ಡ ಅಲ್ಲಿಂದ ದೂರವಿಲ್ಲ. ಬೆಂಗಳೂರಲ್ಲಿ ಜಡೆ ಅಂದ್ರೆ ಹೆಣೆದ ಕೂದಲು, ಹೂ ಮುಡಿಯೋದು. ನಮ್ಮ ಕಡೆ 'ಆಕಿಗೆ ಜಡಿ ಬಂದಾವ' ಅಂದ್ರೆ ಅರ್ಥವೇ ಬೇರೆ. ಉದುರಿದ ಕೂದಲು ಬಾಚಣಿಗೆ ಕಾಣದೆ ಉಳಿದ ಕೂದಲಿಗೆ ಸುತ್ತಿಕೊಂಡು ಗಂಟಾಗುತ್ತೆ, ಗಂಟು ಹಗ್ಗವಾಗುತ್ತೆ. ಅಷ್ಟೇ ವಿಷಯ. ಆದರೆ ಜನ ಅದನ್ನ ದೇವಿ ಕರೆದಳು ಅಂತಾರೆ. ಕತ್ತರಿ ಹಾಕಿದರೆ ಮನೆಗೆ ಕೇಡು ಅಂತಾರೆ. ಹೀಗೆ ಜಡೆ ಬಂತು ಅನ್ನೋ ಕಾರಣಕ್ಕೇ ಎಷ್ಟೋ ಹುಡುಗಿಯರನ್ನ ದೇವಿಗೆ ಬಿಟ್ಟಿದ್ದಾರೆ. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದಿದ್ದು 1982ರಲ್ಲಿ. ಆದರೆ ತಲೆಯಲ್ಲಿ ಗಂಟು ಕಂಡರೆ ಹುಟ್ಟುವ ಭಯಕ್ಕೆ ಯಾವ ಕಾಯ್ದೆ ತರೋಣ?

ನಮ್ಮ ಓಣಿಯಲ್ಲೊಬ್ಬ ಜೋಗವ್ವ ಇದ್ದಾಳೆ. ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡ್ತಾಳೆ. ಹಣೆ ತುಂಬ ಭಂಡಾರ, ಬೆನ್ನ ಮೇಲೆ ಸೊಂಟದವರೆಗೆ ಇಳಿದ ಜಡೆ. ಜೋಳ ನೀಡಿ ನಮ್ಮವ್ವ ಅವಳ ಕಾಲು ಮುಟ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಶಾಲೆಯ ಬಿಸಿಯೂಟದ ಅಡುಗೆ ಕೆಲಸ ಕೇಳಿದಳು. 'ಅಲ್ಲವ್ವಾ, ಊಟದ ಕೆಲಸ. ನಿನ್ನ ಜಡಿ ನೋಡಿದ್ರ ಹುಡುಗೂರು ಉಣ್ಣೂದಿಲ್ಲ' ಅಂದರು. ಕಾಲು ಮುಟ್ಟೋ ಜನವೇ ಅಂದಿದ್ದು. ದೇವರಾಗೋಕೆ ಅಡ್ಡಿಯಿಲ್ಲ, ಅಡುಗೆಯವಳಾಗೋಕೆ ಅಡ್ಡಿ.

ಆ ಹುಡುಗನ ಇಂಟರ್‌ವ್ಯೂ ಆದಮೇಲೆ ಇದೆಲ್ಲ ನೆನಪಾಗಿ, ಕಾನೂನು ಏನನ್ನುತ್ತೆ ಅಂತ ಹುಡುಕಿದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಚಾಸ್ಟಿಟಿ ಜೋನ್ಸ್ ಅನ್ನೋ ಕಪ್ಪು ಹೆಣ್ಣುಮಗಳಿಗೆ 2010ರಲ್ಲಿ ಕಸ್ಟಮರ್ ಸರ್ವಿಸ್ ಕೆಲಸ ಸಿಕ್ಕಿತ್ತು. ಫೋನಲ್ಲಿ ಮಾತಾಡೋ ಕೆಲಸ, ಗಿರಾಕಿಗೆ ಅವಳ ತಲೆ ಕಾಣೋದೇ ಇಲ್ಲ. ಆದರೂ ಡ್ರೆಡ್‌ಲಾಕ್ಸ್ ತೆಗೆಸಬೇಕು ಅಂದರು. ಅವಳು ಆಗಲ್ಲ ಅಂದಳು, ಕೆಲಸ ವಾಪಸ್ ಹೋಯ್ತು. 2016ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ನಿಂತಿತು. ಚರ್ಮದ ಬಣ್ಣ ಬದಲಾಯಿಸೋಕಾಗಲ್ಲ, ಕೂದಲಿನ ಶೈಲಿ ಬದಲಾಯಿಸಬಹುದು, ಹಾಗಾಗಿ ಇದು ಜನಾಂಗದ ತಾರತಮ್ಯ ಅಲ್ಲ ಅನ್ನೋದು ತರ್ಕ. ಇಂಥ ಕೂದಲಿಗೂ ರಕ್ಷಣೆ ಕೊಡುವ ಕಾನೂನನ್ನ ಕ್ಯಾಲಿಫೋರ್ನಿಯಾ 2019ರಲ್ಲಿ ಮಾಡಿತು.

ಅದೇ 2016ರ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಗಡ್ಡದ ಕೇಸಿತ್ತು. ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರು ಗಡ್ಡ ಬಿಟ್ಟು ಕೆಲಸ ಕಳೆದುಕೊಂಡಿದ್ದರು. ಕೂದಲು ಕತ್ತರಿಸೋದನ್ನ, ಕ್ಷೌರ ಮಾಡೋದನ್ನ ಧರ್ಮವೇ ನಿಷೇಧಿಸಿದ್ದರೆ ಮಾತ್ರ ವಿನಾಯಿತಿ ಅಂತ ನಿಯಮ. ಹಾಗೆ ನಿಷೇಧ ಇದೆ ಅಂತ ಸಾಬೀತಾಗಲಿಲ್ಲ, ಅವರು ಸೋತರು.

ಎರಡನ್ನೂ ಓದಿ ತಲೆ ಕೆಟ್ಟಿತು. ಒಂದು ಕೋರ್ಟು ಕೇಳುತ್ತೆ: ಇದನ್ನ ನೀನು ಬದಲಾಯಿಸಬಹುದಾ? ಇನ್ನೊಂದು ಕೇಳುತ್ತೆ: ನಿನ್ನ ಧರ್ಮ ಕತ್ತರಿಸಬೇಡ ಅಂದಿದೆಯಾ? ನಮ್ಮ ಜೋಗವ್ವನನ್ನ ಎರಡನೇ ಪ್ರಶ್ನೆಗೆ ನಿಲ್ಲಿಸಿದರೆ ಊರಿಗೂರೇ ಸಾಕ್ಷಿ ಹೇಳುತ್ತೆ. ಇಂಟರ್‌ವ್ಯೂಗೆ ಬಂದ ಹುಡುಗ ಎರಡರಲ್ಲೂ ಫೇಲು. ಅವನಿಗೆ ಇಷ್ಟ, ಬಿಟ್ಟಿದ್ದಾನೆ. ನನ್ನ ತಕರಾರು ಇಲ್ಲೇ ಇರೋದು. 'ನನಗಿಷ್ಟ' ಅನ್ನೋದು ಯಾಕೆ ಇಷ್ಟು ಬಡಕಲು ಉತ್ತರ? ಎರಡೂ ಪ್ರಶ್ನೆಗಳು ತಲೆಯವನನ್ನ ಕೇಳ್ತಾವೆ. ಕೆಲಸ ಕೊಡೋನನ್ನ ಯಾರೂ ಕೇಳಲ್ಲ: ನಿನ್ನ ಕೆಲಸಕ್ಕೆ ಇದರಿಂದ ಏನು ತೊಂದರೆ?

ತೊಂದರೆ ಇರೋ ಕೆಲಸಗಳೂ ಇವೆ, ಇಲ್ಲ ಅನ್ನಲ್ಲ. ಲೇತ್ ಮೆಷಿನ್ ಮುಂದೆ ಉದ್ದ ಕೂದಲು ಬಿಟ್ಟುಕೊಂಡು ನಿಂತರೆ ಜೀವಕ್ಕೇ ಅಪಾಯ. ಅಡುಗೆಮನೆಯಲ್ಲಿ ತಲೆಗೆ ಬಟ್ಟೆ ಕಟ್ಟು ಅನ್ನೋದು ನ್ಯಾಯ, ಅದನ್ನ ಜೋಗವ್ವನಿಗೂ ಹೇಳಬಹುದಿತ್ತು. ನಮ್ಮಲ್ಲಿ? ಕ್ಲೈಂಟ್ ಕಾಲ್ ಇರೋದು ತಿಂಗಳಿಗೆರಡು, ಅದರಲ್ಲೂ ಅರ್ಧ ಜನರ ಕ್ಯಾಮೆರಾ ಆಫ್. ಈ ಬಗ್ಗೆ ನಾನು ಕ್ಲೈಂಟ್‌ನ ಕೇಳೇ ಇರಲಿಲ್ಲ. ನನ್ನ ಮುಜುಗರಕ್ಕೆ ಅವನ ಹೆಸರು ಬಳಸಿಕೊಂಡೆ, ಅಷ್ಟೇ. ಇನ್ನು ಸಂವಿಧಾನದ 16ನೇ ವಿಧಿ ಸಮಾನ ಅವಕಾಶ ಕೊಡೋದು ಸರ್ಕಾರಿ ಕೆಲಸಕ್ಕೆ. ಖಾಸಗಿ ಕಂಪನಿಯ ಕಲ್ಚರ್ ಫಿಟ್ ಕಾಲಮ್ಮಿನವರೆಗೆ ಅದರ ಕೈ ಚಾಚಲ್ಲ. ಅಲ್ಲಿ ಕೂತಿರೋದು ನಾನು, ನಿಮ್ಮಂಥವರು.

ಆ ಮುಜುಗರ ಎಲ್ಲಿಂದ ಬಂತು ಅನ್ನೋದೂ ನನಗೆ ಗೊತ್ತಿದೆ. ಬಿಇ ಕೊನೇ ವರ್ಷದ ಪ್ಲೇಸ್‌ಮೆಂಟ್ ದಿನ ಅವ್ವ ನನ್ನ ತಲೆಗೆ ಎಣ್ಣೆ ತಟ್ಟಿ ಹಣೆಗೆ ವಿಭೂತಿ ಹಚ್ಚಿ ಕಳಿಸಿದ್ದಳು. ಹಿಂದಿನ ವಾರವೇ ಟ್ರೇನರ್ ಒಬ್ಬರು ಹೇಳಿದ್ದರು, ಎಣ್ಣೆ ಬೇಡ, ಹಣೆ ಮೇಲೆ ಏನೂ ಬೇಡ, ಪ್ರೊಫೆಷನಲ್ ಆಗಿ ಕಾಣಬೇಕು. ಕಾಲೇಜಿನ ಟಾಯ್ಲೆಟ್ಟಿನಲ್ಲಿ ಕರ್ಚೀಫ್ ಒದ್ದೆ ಮಾಡಿಕೊಂಡು ಒರೆಸಿದೆ. ವಿಭೂತಿ ಸುಲಭವಾಗಿ ಹೋಯ್ತು, ಎಣ್ಣೆ ಹೋಗಲಿಲ್ಲ. ನಲ್ಲಿ ಕೆಳಗೆ ತಲೆಯಿಟ್ಟು ಕೈತೊಳೆಯೋ ಸೋಪಿನಲ್ಲಿ ಉಜ್ಜಿದೆ. ಕೆಲಸ ಸಿಕ್ಕಿತು. ಸಂಜೆ ಅವ್ವ ವಿಭೂತಿಯ ಕೃಪೆ ಅಂದಳು, ನಾನು ಹೂಂ ಅಂದೆ. ಒಳಗೆ ಬರೋಕೆ ನಾನು ಸುಂಕ ಕಟ್ಟಿದ್ದೆ. ಎಷ್ಟೋ ವರ್ಷದ ಮೇಲೆ ಒಬ್ಬ ಸುಂಕ ಕಟ್ಟದೆ ನಗುನಗುತ್ತಾ ಒಳಗೆ ಬಂದು ಕೂತಿದ್ದ. ಅವನ ಕೂದಲಿಗಿಂತ ಹೆಚ್ಚಾಗಿ ಆ ನಿರಾಳ ನನ್ನನ್ನ ಚುಚ್ಚಿತು ಅನ್ಸುತ್ತೆ.

ದೀಪಾವಳಿಗೆ ಊರಿಗೆ ಹೋದಾಗ ಜೋಗವ್ವನ ತಲೆ ನೋಡಿ ದಂಗಾದೆ. ಗಿಡ್ಡ ಕೂದಲು, ಮೇಲೆ ಸೆರಗು. ಮಹಾರಾಷ್ಟ್ರದಲ್ಲಿ ಮೂಢನಂಬಿಕೆ ವಿರೋಧಿ ಕಾರ್ಯಕರ್ತರು ಇಂಥ ಹೆಂಗಸರ ಮನೆಗೆ ಹೋಗಿ, ಕೂತು ಮಾತಾಡಿ, ಒಪ್ಪಿಸಿ ಜಡೆ ಕತ್ತರಿಸೋದನ್ನ ಓದಿದ್ದೆ. ಇಲ್ಲಿ ಯಾರೂ ಬಂದಿರಲಿಲ್ಲ. ಕುತ್ತಿಗೆ ನೋವು ತಡೆಯೋಕಾಗದೆ ಮಗಳ ಕೈಲಿ ತಾನೇ ಕತ್ತರಿಸಿಕೊಂಡಿದ್ದಳು. 'ತಮ್ಮಾ, ತಲಿ ಐತೋ ಇಲ್ಲೋ ಅನಸ್ತೈತಿ, ಅಷ್ಟ ಹಗರ' ಅಂದಳು. ಮತ್ತೆ ಅಡುಗೆ ಕೆಲಸ ಕೇಳೋಕೆ ಹೋಗಿದ್ದಳಂತೆ. ಈ ಸಲ ಅಂದಿದ್ದು: 'ಜಡಿ ತಗಸಿದಾಕಿ. ಗುಡ್ಡದವ್ವ ಮುನಿಸಿಕೊಂಡ್ರ ಹುಡುಗೂರ ಗತಿ ಏನು?'

ಬೆಂಗಳೂರಿಗೆ ವಾಪಸ್ ಬಂದು ಎಚ್ಆರ್ ಹತ್ತಿರ ಹೋದೆ. ಆ ಫೀಡ್‌ಬ್ಯಾಕ್ ತಿದ್ದಬೇಕು, ಅದರಲ್ಲಿ ನಾನು ಬರೆದಿದ್ದು ಸುಳ್ಳು ಅಂದೆ. ಆಕೆ ನನ್ನನ್ನ ವಿಚಿತ್ರವಾಗಿ ನೋಡಿ, 'ಆ ಪೊಸಿಷನ್ ಕ್ಲೋಸ್ ಆಗಿ ಎಷ್ಟು ತಿಂಗಳಾಯ್ತು ಸಾರ್, ಸಿಸ್ಟಮ್ಮಲ್ಲಿ ಎಡಿಟ್ ಮಾಡೋಕೂ ಬರಲ್ಲ' ಅಂದರು.

ಹೋದ ವಾರ ಲಿಂಕ್ಡ್‌ಇನ್ ತಾನಾಗೇ ಆ ಹುಡುಗನ ಪ್ರೊಫೈಲ್ ತೋರಿಸಿತು. ಬೇರೆ ಕಂಪನಿಯಲ್ಲಿ ಹೊಸ ಕೆಲಸ, ಹೊಸ ಫೋಟೋ. ಕಾಲರ್ ಅಂಗಿ, ಕಿವಿ ಮೇಲಿಂದ ಎತ್ತಿ ಕತ್ತರಿಸಿದ ಕೂದಲು. ಗುರುತು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಕೆಳಗೆ 'ಕಂಗ್ರಾಟ್ಸ್' ಅನ್ನೋ ರೆಡಿಮೇಡ್ ಬಟನ್. ಇನ್ನೂ ಒತ್ತಿಲ್ಲ.