ಅಪ್ಪನ ಮಗ್ಗಿನ ಪಕ್ಕದ ಮಗ್ಗು

ಚೆಕ್ ದೇಶದ ಪಬ್ಬುಗಳಲ್ಲಿ ಬಿಯರಿನ ನಲ್ಲಿಯ ಪಕ್ಕದಲ್ಲೇ ಕೊಫೊಲಾ ಎಂಬ ಕೋಲಾ ಪಾನೀಯದ ನಲ್ಲಿ ಇರುವುದುಂಟು. ಅಪ್ಪನಿಗೆ ಅರ್ಧ ಲೀಟರ್ ಬಿಯರ್. ಮಗನಿಗೂ ಅಷ್ಟೇ ದೊಡ್ಡ ಗಾಜಿನ ಮಗ್ಗಿನಲ್ಲಿ ಕಪ್ಪು ಕೊಫೊಲಾ. ಎರಡರ ಮೇಲೂ ನೊರೆ. ಎಂಟು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಏನಿದೆ?

ಕೊಫೊಲಾ ಹುಟ್ಟಿದ್ದು ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯಾದಲ್ಲಿ, ಅಮೆರಿಕದ ಕೋಲಾ ಕೈಗೆ ಸಿಗದಿದ್ದ ಕಾಲದಲ್ಲಿ. ಕಾಫಿ ಹುರಿಯುವಾಗ ಉಳಿದುಹೋಗುವ ಕೆಫೀನನ್ನು ಏನು ಮಾಡುವುದು ಎಂದು ಯೋಚಿಸುತ್ತಿದ್ದ ಕಾಲವದು. ಝ್ದೆನೇಕ್ ಬ್ಲಾಝೆಕ್ ಮುಂದಾಳತ್ವದಲ್ಲಿ ಔಷಧ ವಿಜ್ಞಾನಿಗಳು 1959ರ ಸುಮಾರಿಗೆ ಹಣ್ಣು, ಗಿಡಮೂಲಿಕೆಗಳ 14 ಪದಾರ್ಥ ಬೆರೆಸಿ ಕೊಫೊಲಾಕ್ಕೆ ಮೂಲವಾದ 'ಕೊಫೊ' ಎಂಬ ಪಾಕ ಕಾಸಿದರು. ಅದರಲ್ಲಿ ನಮ್ಮ ಅಜ್ಜಿಯರು ಕೆಮ್ಮಿಗೆ ತೇಯ್ದು ಕೊಡುತ್ತಿದ್ದ ಜೇಷ್ಠಮಧುವೂ ಇದೆ. ಬೇರೆ ಕೋಲಾಗಳಿಗಿಂತ ಸಕ್ಕರೆ ಕಡಿಮೆ, ಫಾಸ್ಪರಿಕ್ ಆಮ್ಲ ಇಲ್ಲವೇ ಇಲ್ಲ. ಕೊರತೆಯ ದಿನಗಳಲ್ಲಿ ಹುಟ್ಟಿದರೂ ಇದು ಕಾಟಾಚಾರಕ್ಕೆ ಮಾಡಿದ ಪಾನೀಯವಲ್ಲ. ನನಗೆ ಅದರ ಮೇಲೆ ಗೌರವ ಮೂಡಿದ್ದು ಅದಕ್ಕೇ.

1989ರಲ್ಲಿ ಆ ಆಳ್ವಿಕೆ ಬಿತ್ತು. ಹೊರಗಿನ ಕೋಲಾಗಳು ನುಗ್ಗಿ ಬಂದವು, ಕೊಫೊಲಾ ಮೂಲೆಗೆ ಸರಿಯಿತು. ಅದನ್ನು ಎತ್ತಿ ನಿಲ್ಲಿಸಿದ್ದು ಗ್ರೀಕ್ ಮೂಲದ ಸಮರಾಸ್ ಕುಟುಂಬ. ಕ್ರ್ನೋವ್ ಎಂಬ ಊರಿನ ಸೋಡಾ ಕಾರ್ಖಾನೆಯಿಂದ ಶುರುಮಾಡಿದ ಅವರು 2002ರಲ್ಲಿ ಹೆಸರು, ಪಾಕದ ಸೂತ್ರ ಎರಡನ್ನೂ ಕೊಂಡರು. ಅಷ್ಟರಲ್ಲಿ ದೇಶವೇ ಎರಡಾಗಿತ್ತು. ಚೆಕ್ಕರೂ ಸ್ಲೊವಾಕರೂ ಕೊಫೊಲಾವನ್ನು ಮಾತ್ರ ತಮ್ಮದೆಂದೇ ಉಳಿಸಿಕೊಂಡರು. ನಮ್ಮಲ್ಲೂ 1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟು ಹೋದಾಗ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸೂತ್ರದಿಂದ 'ಡಬಲ್ ಸೆವೆನ್' ಎಂಬ ಕೋಲಾ ಬಂದಿತ್ತು. ಕೆಲವೇ ವರ್ಷಗಳಲ್ಲಿ ಅದು ಕಣ್ಮರೆಯಾಯಿತು. ಅದನ್ನು ನೆನೆದಾಗ ಕೊಫೊಲಾ ಬದುಕಿ ಉಳಿದದ್ದು ಇನ್ನಷ್ಟು ಮನಸ್ಸಿಗೆ ತಟ್ಟುತ್ತದೆ.

ಕೊಫೊಲಾ ಮೇಲಿನ ಅಕ್ಕರೆಯನ್ನು ಕೆಲವರು ಹಳೆಯ ಆಳ್ವಿಕೆಯ ಹಂಬಲವೆಂದು ತಿಳಿಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. 1968ರ ಆಗಸ್ಟಿನಲ್ಲಿ ಬೀದಿಗೆ ಬಂದ ಸೋವಿಯತ್ ಟ್ಯಾಂಕುಗಳನ್ನು ಆ ಜನ ಮರೆತಿಲ್ಲ. ಕಿತ್ತಳೆ, ಬಾಳೆಹಣ್ಣಿಗೆ ಸರತಿಯಲ್ಲಿ ನಿಂತ ತಾಯಂದಿರೂ ಮರೆತಿಲ್ಲ. ಆದರೆ ಅದೇ ವರ್ಷಗಳಲ್ಲಿ ಮಕ್ಕಳು ಚೆಂಡಾಡಿದರು, ಮಂಡಿ ತರಚಿಕೊಂಡರು, ಬೆವರುತ್ತ ಒಳಗೆ ಓಡಿಬಂದು ಅಪ್ಪನ ಪಕ್ಕ ಬೆಂಚು ಹತ್ತಿದರು. ಎರಡೂ ಕೈಯಲ್ಲಿ ಹಿಡಿದರೂ ಭಾರವೆನಿಸುವ ಆ ತಣ್ಣನೆಯ ಮಗ್ಗು, ಮೇಲ್ತುಟಿಗೆ ಅಂಟಿದ ನೊರೆ.