ಗುಂಡಿ ತೋಡುವ ಮುನ್ನ

ಸುರಪುರ ತಾಲೂಕಿನ ತಿಂಥಣಿಗೆ ಮೌನೇಶ್ವರರ ದರ್ಶನಕ್ಕೆ ಬಂದವರು ಕೃಷ್ಣೆಯಲ್ಲಿ ಮಿಂದು ಗುಡಿಗೆ ಹೋಗುತ್ತಾರೆ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಕ್ಷೇತ್ರವದು. ಹೊಳೆಗೆ ಕೈಮುಗಿಯುವ ನಾವು ಮನೆಯ ಬಚ್ಚಲ ನೀರು, ಸಂಡಾಸಿನ ಹೊಲಸು ಎಲ್ಲಿಗೆ ಸೇರುತ್ತದೆ ಎಂದು ವಿಚಾರಿಸುವುದೂ ಆ ಭಕ್ತಿಯ ಭಾಗವೇ ಆಗಬೇಕು. ಇದೇ ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲೂಕಿನ ಅನಪುರದಲ್ಲಿ 2023ರ ಫೆಬ್ರುವರಿಯಲ್ಲಿ ಕಲುಷಿತ ನೀರು ಕುಡಿದು ಜೀವಗಳು ಹೋದವು. ನಾವು ಹೊರಗೆ ಬಿಟ್ಟ ಹೊಲಸು ಯಾರದೋ ಕೊಡಕ್ಕೆ ಮರಳಿ ಬರಲು ಬಹಳ ದೂರ ನಡೆಯಬೇಕಿಲ್ಲ.

ಮನೆ ಕಟ್ಟಿಸುವಾಗ ತಲೆಬಾಗಿಲ ದಿಕ್ಕು, ದೇವರ ಜಗುಲಿ, ಒಲೆಯ ಮೂಲೆ ಎಲ್ಲದರ ಬಗ್ಗೆಯೂ ದಿನಗಟ್ಟಲೆ ಮಾತು ನಡೆಯುತ್ತದೆ. ಸಂಡಾಸಿನ ಗುಂಡಿಯ ಸರದಿ ಬಂದಾಗ ಮಾತ್ರ ‘ದೊಡ್ಡದೊಂದು ತೋಡಿಬಿಡ್ರಿ, ಮಕ್ಕಳ ಕಾಲಕ್ಕೂ ತುಂಬಬಾರದು’ ಎಂದು ಮಾತು ಮುಗಿಸುತ್ತೇವೆ. ಮಕ್ಕಳ ಕಾಲಕ್ಕೋ ಮೊಮ್ಮಕ್ಕಳ ಕಾಲಕ್ಕೋ ಅದು ತುಂಬಿಯೇ ತುಂಬುತ್ತದೆ. ಆ ದಿನ ಅದರೊಳಗೆ ಇಳಿಯುವವರು ಯಾರು? ವಿಷಗಾಳಿಗೆ ಉಸಿರುಗಟ್ಟಿ ಸತ್ತವರ ಸುದ್ದಿ ಓದುತ್ತಲೇ ಇದ್ದೇವೆ. ಮನುಷ್ಯರನ್ನು ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಮಲ ಬಳಿಯುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಆದರೂ ನಮ್ಮ ಹೊಲಸನ್ನು ಬಳಿಯಲು ಒಂದು ಜಾತಿಯವರು ಇದ್ದೇ ಇದ್ದಾರೆ ಎಂಬ ನಂಬಿಕೆ ಆ ದೊಡ್ಡ ಗುಂಡಿಯ ತಳದಲ್ಲಿ ಕೂತಿರುತ್ತದೆ.

ಇದಕ್ಕೆ ಒಳ್ಳೆಯ ಉತ್ತರ ಎರಡು ಸಣ್ಣ ಗುಂಡಿಗಳ ಸಂಡಾಸು. 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ ಅದನ್ನು ದೇಶದ ಉದ್ದಗಲಕ್ಕೂ ಹರಡಿದರು. ಗುಂಡಿಗಳ ಆಳ ಒಂದು ಮೀಟರಿನಷ್ಟು, ಗೋಡೆಯ ಇಟ್ಟಿಗೆಗಳ ನಡುವೆ ಸಂದು, ತಳ ಬರೀ ಮಣ್ಣು. ಅವುಗಳ ಮುಂದಿನ ಸಣ್ಣ ಚೇಂಬರಿನಲ್ಲಿ ಗುಂಡಿಗೊಂದರಂತೆ ಎರಡು ಬಾಯಿ. ಒಂದನ್ನು ಇಟ್ಟಿಗೆ, ಕೆಸರು ಮೆತ್ತಿ ಮುಚ್ಚಿರುತ್ತಾರೆ. ಐದಾರು ಜನರ ಮನೆಯಲ್ಲಿ ಮೊದಲ ಗುಂಡಿ ತುಂಬಲು ಮೂರ್ನಾಲ್ಕು ವರ್ಷ ಬೇಕು. ಆಮೇಲೆ ಇಟ್ಟಿಗೆಯನ್ನು ಈ ಬಾಯಿಂದ ತೆಗೆದು ಆ ಬಾಯಿಗೆ ಇಟ್ಟರಾಯಿತು. ಎರಡು ವರ್ಷ ಮುಚ್ಚಿಟ್ಟ ಗುಂಡಿಯಲ್ಲಿ ಉಳಿಯುವುದು ಪುಡಿಪುಡಿಯಾದ, ವಾಸನೆಯಿಲ್ಲದ ಗೊಬ್ಬರ. 2017ರ ಫೆಬ್ರುವರಿಯಲ್ಲಿ ವಾರಂಗಲ್ ಬಳಿಯ ಗಂಗದೇವಿಪಲ್ಲಿಯಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಅಂದಿನ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತಾವೇ ಅಂಥ ಗುಂಡಿಗಿಳಿದು ಗೊಬ್ಬರ ಬಾಚಿದರು. ದಿಲ್ಲಿಯ ಅಧಿಕಾರಿ ಮಾಡಿದ್ದನ್ನು ಮನೆಯ ಯಜಮಾನ ಮಾಡಲು ನಾಚಬೇಕಿಲ್ಲ.

ನಮ್ಮ ಸೀಮೆಯಲ್ಲಿ ನೆಲವನ್ನೂ ಕೇಳಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬಿಗಿಯುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಮರಳು ನೆಲದ ಗುಂಡಿಯ ಗೋಡೆ ಚದರ ಮೀಟರಿಗೆ ದಿನಕ್ಕೆ 50 ಲೀಟರ್ ಹೀರಿದರೆ, ಎರೆಮಣ್ಣಿನದು 10 ಲೀಟರ್ ಎಂದೇ ಲೆಕ್ಕ ಹಿಡಿಯಬೇಕು. ಅದಕ್ಕೇ ಇಲ್ಲಿ ಗುಂಡಿ ಅಗಲವಾಗಿರಬೇಕು, ಇಟ್ಟಿಗೆಯ ಹೊರಸುತ್ತಲೂ ಒಂದು ಅಡಿ ದಪ್ಪ ಮರಳು, ಗರಸು ತುಂಬಬೇಕು. ನಾರಾಯಣಪುರ ಕಾಲುವೆಯ ನೀರುಂಡ ಗದ್ದೆಗಳ ಹತ್ತಿರ ಅಂತರ್ಜಲ ಮೇಲೆಯೇ ಇದ್ದರೆ, ಗುಂಡಿಯನ್ನು ನೆಲಮಟ್ಟಕ್ಕಿಂತ ಎತ್ತರಿಸಿ ಸುತ್ತ ಮಣ್ಣು ಏರಿಸಬೇಕು. ಬಾವಿ, ಬೋರ್‌ವೆಲ್‌ಗಳಿಂದ 10 ಮೀಟರ್ ದೂರವಂತೂ ಇರಲೇಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು.

ಬಚ್ಚಲ ನೀರಿನದು ಬೇರೆ ದಾರಿ. ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ಐದು ಜನರ ಮನೆಗೆ 275 ಲೀಟರ್ ಬಂದರೆ ಅದರಲ್ಲಿ ಬಹುಪಾಲು ಮಿಂದು, ಪಾತ್ರೆ ತೊಳೆದು ಹೊರಗೆ ಹರಿಯುತ್ತದೆ. ಅದನ್ನು ಸಂಡಾಸಿನ ಗುಂಡಿಗೆ ಬಿಟ್ಟರೆ ಆ ಗುಂಡಿ ಬೇಗ ಕೆಡುತ್ತದೆ, ಓಣಿಗೆ ಬಿಟ್ಟರೆ ಸೊಳ್ಳೆ. ಕಲ್ಲು, ಮರಳು ತುಂಬಿದ ಬಚ್ಚಲುಗುಂಡಿಯೊಂದು ಬೇಕು. ಉದ್ಯೋಗ ಖಾತ್ರಿಯಲ್ಲಿ ಇಂಥವನ್ನು ಎಷ್ಟೋ ಮನೆಗಳು ಕಟ್ಟಿಸಿಕೊಂಡಿವೆ. ಮಗ್ಗುಲಲ್ಲಿ ನಾಲ್ಕು ಬಾಳೆ, ಒಂದಿಷ್ಟು ಕೆಸು ನೆಟ್ಟರೆ ನೆಲ ಹೀರದ ನೀರನ್ನು ಬೇರುಗಳು ಹೀರುತ್ತವೆ.

ಗೌಂಡಿಯನ್ನು ಎಲ್ಲರೂ ‘ಎಷ್ಟು ವರ್ಷ ಬಾಳಿಕೆ ಬರುತ್ತದೆ’ ಎಂದು ಕೇಳುತ್ತಾರೆ. ಅದಕ್ಕೂ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕಾದದ್ದೊಂದಿದೆ: ತುಂಬಿದ ದಿನ ಇದನ್ನು ನಾನೇ ಖಾಲಿ ಮಾಡಬಲ್ಲೆನೇ? ಹೌದು ಎನ್ನಲು ಆಗದಂಥ ಗುಂಡಿಯನ್ನು ನಮ್ಮ ಹಿತ್ತಲಲ್ಲಿ ತೋಡಿಸುವುದು ಬೇಡ.